ನೆಟ್‌ನ್ಯಾಗ ಎಲ್ಲಾ ಐತಂತ!

2023ರ ಏಪ್ರಿಲ್‌ನಲ್ಲಿ ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಒಂದು ಪತ್ರಕ್ಕೆ ಸಹಿ ಹಾಕಿದರು. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂದಿದ್ದ ಪಾಠ ಬರೀ ‘ಅನುವಂಶೀಯತೆ’ ಆಗಿ ಉಳಿದಿತ್ತು. ಅದಕ್ಕೆ ತಕರಾರು ಹೇಳಿದ ಪತ್ರ ಅದು. ಜೀವವಿಕಾಸದ ಜೊತೆಗೆ ಪಳೆಯುಳಿಕೆಯ ಪುಟವೂ ಹೋಗಿತ್ತು. ಅಮೊನೈಟಿನ ಸುರುಳಿ, ಟ್ರೈಲೊಬೈಟು, ರಾಜಾಸಾರಸ್ ಎಂಬ ನಮ್ಮ ದೇಶದ್ದೇ ಡೈನೋಸಾರಿನ ತಲೆಬುರುಡೆ, ಎಲ್ಲ ಚಿತ್ರಗಳೂ ಹೋದವು. ಎರಡು ತಿಂಗಳ ಮೇಲೆ ಆಗಿನ ಕೇಂದ್ರ ಶಿಕ್ಷಣ ರಾಜ್ಯ ಸಚಿವ ಸುಭಾಸ್ ಸರ್ಕಾರ್ ಸಮಜಾಯಿಷಿ ಕೊಟ್ಟರು. ಓದುವ ಮನಸ್ಸಿದ್ದ ಮಗುವಿಗೆ ಡಾರ್ವಿನ್ ಎಲ್ಲ ವೆಬ್‌ಸೈಟುಗಳಲ್ಲೂ ಸಿಗುತ್ತಾನೆ, ಹನ್ನೆರಡನೆಯ ತರಗತಿಯಲ್ಲಂತೂ ಇದ್ದೇ ಇದ್ದಾನೆ ಎಂಬುದು ಅದರ ತಾತ್ಪರ್ಯ.

ಸಚಿವರನ್ನು ಬೈದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಈ ಮಾತು ದಿಲ್ಲಿಯಲ್ಲಿ ಹುಟ್ಟಿದ್ದಲ್ಲ. ನವಲಗುಂದ, ಕುಂದಗೋಳದ ಕಡೆಯ ಸ್ಟಾಫ್ ರೂಮುಗಳಲ್ಲಿ ಚಹಾದ ಜೊತೆ ಇದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. “ಬಿಡ್ರಿ ಸರ, ಅದನ್ಯಾಕ ತಲಿಗೆ ಹಚ್ಕೋತೀರಿ, ನೆಟ್‌ನ್ಯಾಗ ಎಲ್ಲಾ ಐತಿ.” ಶಾಲೆಗೆ ಸ್ಮಾರ್ಟ್ ಬೋರ್ಡು ಕೊಡಿಸಿ ಹಾರ ಹಾಕಿಸಿಕೊಳ್ಳುವ ದಾನಿಗಳು ಇದನ್ನೇ ಭಾಷಣದಲ್ಲಿ ಹೇಳುತ್ತಾರೆ. ಪಠ್ಯಕ್ಕೆ ಕತ್ತರಿ ಹಾಕಿದ್ದನ್ನು ವಿರೋಧಿಸಿದ ನನ್ನ ಗೆಳೆಯರು ಕೂಡ ಬೇರೆ ದಾರಿಯಲ್ಲಿ ಬಂದು ಇದೇ ಕಟ್ಟೆಯ ಮೇಲೆ ಕೂಡುತ್ತಾರೆ: “ಪಠ್ಯದಾಗ ಇಲ್ಲಂದ್ರ ಏನಾತ್ರಿ, ಯೂಟ್ಯೂಬ್ ಲಿಂಕ್ ಕಳಿಸಿದ್ರಾತು. ಯಮನೂರಿನ ಹುಡುಗಿಗೂ ನ್ಯೂಯಾರ್ಕಿನ ಹುಡುಗಿಗೂ ಈಗ ಏನ್ ಫರಕು?”

ಫರಕು ಇದೆ. ಬೇರೆ ಪಾಠಗಳ ಮಾತು ನನಗೆ ಬೇಡ. ವಿದ್ಯುತ್ತಿನ ಪಾಠ, ರಕ್ತಪರಿಚಲನೆಯ ಪಾಠ ಪರದೆಯ ಮೇಲೆ ಚಂದವಾಗಿಯೇ ನಡೆಯಬಹುದು. ಪಳೆಯುಳಿಕೆ ಮಾತ್ರ ಒಂದು ನೆಲದ ಸಾಕ್ಷಿ. ಎಲ್ಲಿ ಸಿಕ್ಕಿತು, ಯಾವ ಪದರದಲ್ಲಿ, ಮೇಲೆ ಏನಿತ್ತು, ಕೆಳಗೆ ಏನಿತ್ತು ಎಂಬುದನ್ನು ಬಿಟ್ಟರೆ ಅದು ಒಂದು ಕಲ್ಲು, ಅಷ್ಟೇ. ಆ ‘ಎಲ್ಲಿ’ಯನ್ನೇ ಕಳಚಿಟ್ಟು ಮಕ್ಕಳ ಕೈಗೆ ಕೊಡುವುದು ಲಿಂಕಿನ ಮೊದಲ ಕೆಲಸ.

ನೆಟ್‌ನಲ್ಲಿರುವುದೆಲ್ಲ ಕಸ ಎಂದು ನಾನು ಹೇಳುತ್ತಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿನವರು ಶಿಕ್ಷಕರಿಗೆಂದೇ ಕಟ್ಟಿದ ಜೀವವಿಕಾಸದ ತಾಣದಿಂದ ನಾನೇ ಎಷ್ಟೋ ಪಾಠ ಕದ್ದಿದ್ದೇನೆ. ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿರುವ ಸಂಸ್ಥೆಯೊಂದರ ಪ್ರಾಚೀನ ಜೀವಗಳ ಡಿಜಿಟಲ್ ಅಟ್ಲಾಸು ಇದೆ. ಡ್ಯೂಕ್ ವಿಶ್ವವಿದ್ಯಾಲಯದ ಮಾರ್ಫೊಸೋರ್ಸ್‌ನಲ್ಲಿ ಎಲುಬುಗಳನ್ನು ಬೆರಳಿನಿಂದ ತಿರುಗಿಸಿ ನೋಡಬಹುದು. ಎಲ್ಲ ಒಳ್ಳೆಯವೇ. ಆದರೆ ಅವು ಯಾರ ಅಂಗಳದಲ್ಲಿ ನಿಂತು ಮಾತಾಡುತ್ತವೆ ಎಂದು ಕೇಳಬೇಕಲ್ಲ? ಭಾಷೆ ಇಂಗ್ಲಿಷು, ನೆಲ ಅಮೆರಿಕದ್ದು. ಅದು ಅವರ ತಪ್ಪಲ್ಲ. ಅವರು ತಮ್ಮ ಮಕ್ಕಳಿಗೆ ತಮ್ಮ ಕಲ್ಲು ತೋರಿಸುತ್ತಿದ್ದಾರೆ. ನಾವು ನಮ್ಮ ಮಕ್ಕಳಿಗೂ ಅವರ ಕಲ್ಲನ್ನೇ ತೋರಿಸಿ, ಜಗತ್ತು ಹಳ್ಳಿಗೆ ಬಂತು ಎಂದು ಹಿಗ್ಗುತ್ತಿದ್ದೇವೆ. ಮೊಂಟಾನಾದ ಬೆಟ್ಟದಲ್ಲಿ ಎಲುಬು ಬಿಡಿಸುವ ವಿಡಿಯೊವನ್ನು ಹತ್ತು ಸಲ ನೋಡಿದ ಹುಡುಗ ಏನು ಕಲಿಯುತ್ತಾನೆ? ಹಿಂದಿನ ಕಾಲದಲ್ಲಿ ಜೀವ ಇದ್ದದ್ದು ಅಲ್ಲಿ, ಇಲ್ಲಲ್ಲ ಎಂದು.

ದತ್ತಾಂಶದ ಕಣಜಕ್ಕೂ ಇದೇ ಓರೆ ಇದೆ. ಜಗತ್ತಿನ ಪಳೆಯುಳಿಕೆಗಳ ಲೆಕ್ಕ ಇಡುವ ಪೇಲಿಯೊಬಯಾಲಜಿ ಡೇಟಾಬೇಸನ್ನು ಜಾಲಾಡಿದ ಜರ್ಮನಿಯ ಎರ್ಲಾಂಗೆನ್ನಿನ ಸಂಶೋಧಕರು, ಮೂವತ್ತು ವರ್ಷಗಳಲ್ಲಿ ಅದಕ್ಕೆ ಸೇರಿದ ಮಾಹಿತಿಯ ಶೇ. 97ರಷ್ಟು ಶ್ರೀಮಂತ ಮತ್ತು ಮೇಲ್ಮಧ್ಯಮ ಆದಾಯದ ದೇಶಗಳಲ್ಲಿ ಕುಳಿತ ಲೇಖಕರಿಂದ ಬಂದದ್ದು ಎಂದು ತೋರಿಸಿದರು. ಈ ಪೈಕಿ ಭಾರತ ಬರುವುದಿಲ್ಲ. ಹಾಗಾದರೆ ‘ನೆಟ್‌ನ್ಯಾಗ ಎಲ್ಲಾ ಐತಿ’ ಎಂಬುದರಲ್ಲಿಯ ‘ಎಲ್ಲಾ’ ಯಾರದು?

ಇಲ್ಲಿಗೆ ಬಂದಾಗ ಎದುರಾಳಿ ತನ್ನ ದೊಡ್ಡ ಅಸ್ತ್ರ ತೆಗೆಯುತ್ತಾನೆ: “ಅಲ್ರಿ, ನಮ್ಮ ಧಾರವಾಡ ಜಿಲ್ಲಾದಾಗ ಪಳೆಯುಳಿಕಿ ಎಲ್ಯಾವ್ರಿ? ಇದ್ದಿದ್ರ ತೋರಸ್ತಿದ್ವಿ.”

ಈ ಪ್ರಶ್ನೆಯನ್ನು ನಾನು ಪ್ರೀತಿಸುತ್ತೇನೆ, ಯಾಕೆಂದರೆ ಇದರೊಳಗೇ ಪಾಠ ಕೂತಿದೆ. ಜಗತ್ತಿನ ಭೂವಿಜ್ಞಾನಿಗಳ ಬಾಯಲ್ಲಿ ದಿನಾ ಉರುಳುವ ಹೆಸರುಗಳಲ್ಲಿ ‘ಧಾರವಾರ್’ ಒಂದು. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ನಮ್ಮ ಸೀಮೆಯನ್ನು ಕುದುರೆಯ ಮೇಲೆ, ಕಾಲ್ನಡಿಗೆಯಲ್ಲಿ ಸುತ್ತಿ 1876ರಲ್ಲಿ ದಕ್ಷಿಣ ಮರಾಠಾ ಪ್ರಾಂತದ ಭೂರಚನೆಯ ಮೇಲೆ ದೊಡ್ಡ ವರದಿ ಬರೆದ. ಮುಂದೆ 1880ರ ದಶಕದಲ್ಲಿ ಇಲ್ಲಿಯ ಶಿಲಾಸಾಲಿಗೆ ‘ಧಾರವಾರ್’ ಎಂದೇ ಹೆಸರಿಟ್ಟ. 250 ಕೋಟಿ ವರ್ಷಕ್ಕೂ ಹಳೆಯ ಕಲ್ಲುಗಳವು. ಧಾರವಾಡದ ಸುತ್ತಲಿನ ಬೂದು ಬಣ್ಣದ ಗ್ರೇವಾಕಿ ಕಲ್ಲು ಒಂದಾನೊಂದು ಕಾಲದ ಕಡಲ ತಳಕ್ಕೆ ಇಳಿದ ಮರಳು, ಕೆಸರು. ಅದರಲ್ಲಿ ಮೀನು ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ? ಮೀನು ಆಗ ಹುಟ್ಟಿರಲಿಲ್ಲ. ಮೊದಲ ಮೀನು ಬರಲು ಇನ್ನೂ 200 ಕೋಟಿ ವರ್ಷ ಬೇಕಿತ್ತು. ಡೈನೋಸಾರಿನ ಮಾತಂತೂ ಬಿಡಿ, ಅದು ಬಂದದ್ದು ಮೊನ್ನೆ, 23 ಕೋಟಿ ವರ್ಷದ ಹಿಂದೆ.

ಇಷ್ಟನ್ನು ಒಬ್ಬ ಮಾಸ್ತರ ಊರ ಹೊರಗಿನ ಬಂಡೆಯ ಮೇಲೆ ಮಕ್ಕಳನ್ನು ಕೂಡಿಸಿಕೊಂಡು ಹೇಳಲಿ. ‘ಇಲ್ಲ’ ಎಂಬುದು ಕೊರತೆಯಾಗಿ ಉಳಿಯುವುದಿಲ್ಲ, ಸಾಕ್ಷಿಯಾಗುತ್ತದೆ. ಮುಂದಿನ ಪ್ರಶ್ನೆಯನ್ನು ಮಕ್ಕಳೇ ಕೇಳುತ್ತಾರೆ: ಹಂಗಾದ್ರ ಆವಾಗ ಏನಿತ್ರಿ? ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿದ್ದವು. ಆಳವಿಲ್ಲದ ನೀರಿನಲ್ಲಿ ಅಂಟಂಟಾದ ಚಾಪೆಯಂತೆ ಹಾಸಿಕೊಂಡು, ಬಂದ ಕೆಸರನ್ನು, ಸುಣ್ಣವನ್ನು ಹಿಡಿದಿಟ್ಟುಕೊಂಡು, ಅದರ ಮೇಲೆ ಮತ್ತೆ ಬೆಳೆದು, ಪದರದ ಮೇಲೆ ಪದರ ಕಟ್ಟಿ ಗುಮ್ಮಟದಂಥ ಕಲ್ಲು ಎಬ್ಬಿಸಿದವು. ಸ್ಟ್ರೊಮೆಟೊಲೈಟ್ ಎನ್ನುತ್ತಾರೆ. ಇದೇ ಧಾರವಾಡ ಶಿಲಾಸಾಲಿನಲ್ಲಿ, ಚಿತ್ರದುರ್ಗದ ಅಡಿಕೆಯ ಊರು ಭೀಮಸಮುದ್ರದ ಹತ್ತಿರ, ಶಿವಮೊಗ್ಗದ ಕುಂಸಿಯ ಹತ್ತಿರ, ಸಂಡೂರಿನಲ್ಲಿ ಅವು ಸಿಕ್ಕಿವೆ. ಭೂಮಿಯ ಮೇಲಿನ ಬಲು ಹಳೆಯ ಜೀವದ ಗುರುತುಗಳ ಸಾಲಿನಲ್ಲಿ ಕನ್ನಡ ನಾಡಿನ ಈ ಊರುಗಳ ಹೆಸರುಗಳೂ ಇವೆ. ಇಂಗ್ಲಿಷ್ ಸಂಶೋಧನ ಪ್ರಬಂಧಗಳಲ್ಲಿ ಇವೆ. ನಮ್ಮ ಮಕ್ಕಳಿಗೆ ಕಳಿಸುವ ಲಿಂಕಿನಲ್ಲಿ ಇಲ್ಲ.

ಅಷ್ಟು ದೂರ ಯಾಕೆ? ನವಲಗುಂದದಿಂದ ವಿಜಯಪುರದ ದಾರಿ ಹಿಡಿದು ಎರಡು ಎರಡೂವರೆ ತಾಸು ಹೋದರೆ ಬಾಗಲಕೋಟೆ ಸೀಮೆ. ಅಲ್ಲಿಯ, ಲೋಕಾಪುರ ಕಡೆಯ ಸುಣ್ಣಗಲ್ಲಿನಲ್ಲಿ ನೂರು ಕೋಟಿ ವರ್ಷಕ್ಕೂ ಹಳೆಯ ಸ್ಟ್ರೊಮೆಟೊಲೈಟುಗಳಿವೆ. ಕಲಾದಗಿಯ ಹೆಸರು ನಮಗೆ ಗೊತ್ತಿರುವುದು ದಾಳಿಂಬೆಗೆ. ಭೂವಿಜ್ಞಾನಿಗಳು ಈ ಶಿಲಾಸ್ತರಕ್ಕೂ ಕಲಾದಗಿಯ ಹೆಸರನ್ನೇ ಇಟ್ಟಿದ್ದಾರೆ. ಅದೇ ಸಾಲಿನ ಸುಣ್ಣಗಲ್ಲನ್ನು ಸುಟ್ಟು ಅಲ್ಲಿ ಸಿಮೆಂಟು ಮಾಡುತ್ತಾರೆ. ಸ್ಮಾರ್ಟ್ ಬೋರ್ಡು ನೇತುಹಾಕಲು ಮೊಳೆ ಹೊಡೆದ ಗೋಡೆಯಲ್ಲೂ ಆ ಸೂಕ್ಷ್ಮಜೀವಿಗಳು ಕಟ್ಟಿದ ಸುಣ್ಣ ಒಂದು ಚಿಟಿಕೆ ಇರಬಹುದು. ಬೋರ್ಡಿನ ಮೇಲೆ ಮಾತ್ರ ಟಿ. ರೆಕ್ಸ್ ಕೂಗುತ್ತಿರುತ್ತದೆ.

ನಮ್ಮ ದೇವರ ಜಗಲಿಯ ಮಾತು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಹೇಳಿಬಿಡುತ್ತೇನೆ. ನಮ್ಮ ಕಡೆಯ ಮಠಗಳಲ್ಲಿ, ವೈಷ್ಣವರ ಮನೆಗಳಲ್ಲಿ ದಿನಾ ಅಭಿಷೇಕವಾಗುವ ಸಾಲಿಗ್ರಾಮ ನೇಪಾಳದ ಗಂಡಕಿ ನದಿಯಿಂದ ಬಂದದ್ದು. ಅದರೊಳಗಿನ ಚಕ್ರ ಸುಮಾರು 15 ಕೋಟಿ ವರ್ಷದ ಹಿಂದೆ, ಹಿಮಾಲಯ ಏಳುವ ಮೊದಲು ಅಲ್ಲಿದ್ದ ಕಡಲಿನಲ್ಲಿ ಬದುಕಿದ ಅಮೊನೈಟಿನ ಚಿಪ್ಪು. ಪಠ್ಯಪುಸ್ತಕದಿಂದ ಹಾರಿಹೋದ ಅದೇ ಅಮೊನೈಟು. ಅಜ್ಜಿ ಬೆಳಿಗ್ಗೆ ಎದ್ದು ತುಳಸಿ ಏರಿಸಿ ಮಡಿಯಲ್ಲಿ ಒರೆಸಿಡುವ ಕಲ್ಲನ್ನೇ ಮೊಮ್ಮಗ ಫೋನಿನಲ್ಲಿ ಇಂಗ್ಲೆಂಡಿನ ಕಡಲ ದಂಡೆಯಲ್ಲಿ ಹುಡುಕುತ್ತಾನೆ. ಭಕ್ತಿಗೆ ಧಕ್ಕೆಯಾದೀತೆಂದು ಹೆದರುವವರಿಗೆ ನನ್ನ ಅನುಭವ ಹೇಳುವುದಾದರೆ, ಅಜ್ಜಿಯರು ಹೆದರುವುದಿಲ್ಲ. ‘ಹೌದೇನು, ಸಮುದ್ರದಾಗಿನ ಜೀವಾನ? ಅದಕ್ಕ ನೀರು ಬೇಡ್ತದ’ ಎಂದು ನಕ್ಕವರನ್ನು ಕಂಡಿದ್ದೇನೆ. ಆ ಜಗಲಿಯ ಹತ್ತಿರ ಎಲ್ಲ ಮಕ್ಕಳನ್ನೂ ಬಿಟ್ಟುಕೊಳ್ಳುತ್ತಾರೆಯೇ ಎಂಬುದು ಬೇರೆ ಜಗಳ, ಅದನ್ನೂ ಒಂದು ದಿನ ಆಡಬೇಕು.

ಇನ್ನು, ಲಿಂಕು ತಪ್ಪಾದರೂ ನೆಟ್‌ನಲ್ಲೇ ಸರಿಪಡಿಸಿಕೊಳ್ಳಬಹುದು ಎಂಬ ವಾದ. ಭೋಪಾಲದ ಹತ್ತಿರದ ಭೀಮಬೇಟ್ಕಾದ ಕತೆ ಕೇಳಿ. 2020ರಲ್ಲಿ ಅಲ್ಲಿಗೆ ಹೋದ ಭೂವಿಜ್ಞಾನಿಗಳಿಗೆ ಗುಹೆಯೊಂದರ ಮೇಲ್ಗೋಡೆಯಲ್ಲಿ ಎಲೆಯಂಥ, ಗೆರೆಗೆರೆಯಾದ ಗುರುತು ಕಂಡಿತು. ಅದು ಕೈಗೆಟುಕುವ ಎತ್ತರದಲ್ಲಿರಲಿಲ್ಲ. ಫೋಟೊ ತೆಗೆದರು, ಅಳೆದು ಹೋಲಿಸಿದರು. 2021ರಲ್ಲಿ ಅದು ಡಿಕಿನ್ಸೋನಿಯಾ, 55 ಕೋಟಿ ವರ್ಷ ಹಳೆಯ ಜೀವಿ ಎಂದು ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಬಂಧ ಬಂತು. ಲೋಕಕ್ಕೆಲ್ಲ ಸುದ್ದಿ, ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಹರಿದಾಡಿತು. ಆಮೇಲೆ ಫ್ಲೋರಿಡಾ ವಿಶ್ವವಿದ್ಯಾಲಯದ ಜೋಸೆಫ್ ಮೀರ್ಟ್ ಮತ್ತು ಸಂಗಡಿಗರು ಸ್ಥಳಕ್ಕೇ ಹೋಗಿ ಹತ್ತಿರದಿಂದ ನೋಡಿದರು. ಗುರುತು ಬಂಡೆಯಿಂದ ಸುಲಿದು ಬರುತ್ತಿತ್ತು. ಅದು ಹೆಜ್ಜೇನು ಬಿಟ್ಟುಹೋದ ಹಳೆಯ ಗೂಡು! 2023ರಲ್ಲಿ ಅವರು ಅದನ್ನು ಪ್ರಕಟಿಸಿದರು, ಮೊದಲು ಬರೆದವರೂ ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು. ಕಲಘಟಗಿ ಕಾಡಂಚಿನ, ಜೇನು ಬಿಡಿಸುವ ಮನೆಯ ಹುಡುಗನೊಬ್ಬನನ್ನು ಆ ಬಂಡೆಯ ಕೆಳಗೆ ನಿಲ್ಲಿಸಿದ್ದರೆ ಎರಡು ವರ್ಷ ಬೇಕಾಗುತ್ತಿತ್ತೇ ಎಂದು ನನಗೆ ಆಗಾಗ ಅನಿಸುತ್ತದೆ. ಹಳೆಯ ಸುದ್ದಿ ಇನ್ನೂ ನೆಟ್‌ನಲ್ಲಿ ಇದೆ. ಜೇನುಗೂಡಿನ ಸುದ್ದಿ ಅದರ ಅರ್ಧದಷ್ಟೂ ಓಡಲಿಲ್ಲ.

ಇದಕ್ಕಿಂತ ಕೆಟ್ಟದ್ದು ಚಂಡೀಗಢದ ಭೂವಿಜ್ಞಾನಿ ವಿಶ್ವಜಿತ್ ಗುಪ್ತಾ ಪ್ರಕರಣ. ಅವರು ಹಿಮಾಲಯದಲ್ಲಿ ಸಿಕ್ಕವೆಂದು ವರ್ಷಗಟ್ಟಲೆ ವರದಿ ಮಾಡಿದ ಪಳೆಯುಳಿಕೆಗಳಲ್ಲಿ ಕೆಲವು ನ್ಯೂಯಾರ್ಕಿನ ಆಮ್ಸ್‌ಡೆಲ್ ಕ್ರೀಕ್‌ನವು, ಕೆಲವು ಮೊರಾಕೊದವು ಎಂದು ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ 1989ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಆರೋಪ ಹೊರಿಸಿದರು. ಕಲ್ಲು ನಿಜ, ಊರು ಸುಳ್ಳು. ಹಿಮಾಲಯದ ಭೂಚರಿತ್ರೆಯ ಅಷ್ಟೂ ಪುಟಗಳ ಮೇಲೆ ಸಂಶಯ ಬೀಳಲು ಅಷ್ಟೇ ಸಾಕಾಯಿತು.

ನನ್ನ ಮಾಸ್ತರಿಕೆಯ ಕೊನೆಯ ವರ್ಷಗಳಲ್ಲಿ ನಡೆದದ್ದು. ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ಚೀಲದಿಂದ ಫರಶಿ ಕಲ್ಲಿನ ತುಂಡು ತೆಗೆದು ಟೇಬಲ್ಲಿನ ಮೇಲಿಟ್ಟ. ಅವರ ಕಾಕಾನ ಹೊಸ ಮನೆಗೆ ತಂದು ಒಗೆದ ಶಹಾಬಾದ ಕಲ್ಲು. ಮೈಮೇಲೆ ಕಪ್ಪು ಶಾಯಿಯಲ್ಲಿ ಬರೆದಂತೆ ಸಣ್ಣ ಸಣ್ಣ ಗಿಡ. “ಸರ, ಇದು ಗಿಡದ ಪಳೆಯುಳಿಕಿರಿ. ಫೋನ್‌ನ್ಯಾಗ ಫೋಟೊ ಹೊಡದು ಕೇಳೇನ್ರಿ, ಫಾಸಿಲ್ ಫರ್ನ್ ಅಂತು.” ನಾನು ಭೂತಗನ್ನಡಿ ಕೊಟ್ಟೆ. ಗಿಡಕ್ಕೆ ನಡುನರ ಇದೆಯೇ ನೋಡು. ಎಲೆ ಇದೆಯೇ? ಬೇರು? ಎಲ್ಲಿಂದ ಶುರುವಾಗಿದೆ? ಅವನು ಹತ್ತು ನಿಮಿಷ ಕಣ್ಣು ಕಿರಿದು ಮಾಡಿ ನೋಡಿ, “ಸೀಳಿನ ಗುಂಟ ಹೊಂಟೈತ್ರಿ” ಅಂದ. ಅಲ್ಲಿಗೆ ಮುಗಿಯಿತು. ಕಲ್ಲಿನ ಸಂದಿನಲ್ಲಿ ನೀರು ಜಿನುಗಿ ಮ್ಯಾಂಗನೀಸು ಹೀಗೆ ಕವಲೊಡೆದು ಕೂಡುತ್ತದೆ. ಅದರಲ್ಲಿ ಜೀವವೇ ಇಲ್ಲ. ಅವನ ಮುಖ ಸಣ್ಣದಾಯಿತು. ಆದರೆ ಮರುದಿನ ಆ ಫರಶಿ ರಾಶಿಯಿಂದ ಇನ್ನೂ ಆರು ತುಂಡು ಬಂದವು, ಜೊತೆಗೆ ಮೂವರು ಹುಡುಗಿಯರು. ಫೋನು ಅವನಿಗೆ ಉತ್ತರ ಕೊಟ್ಟಿತ್ತು. ಉತ್ತರ ತಪ್ಪು ಎಂದು ಕಂಡುಹಿಡಿಯುವ ಕಣ್ಣು ಕೊಟ್ಟಿರಲಿಲ್ಲ. ಆ ಕಣ್ಣು ಬರದಿದ್ದರೆ ಬರ್ಕ್ಲಿಯ ತಾಣವೂ ವಾಟ್ಸಾಪಿನ ಫಾರ್ವರ್ಡೂ ಅವನಿಗೆ ಒಂದೇ.

ಅಣ್ಣಿಗೇರಿಯವರು ಮರೆತಿರಲಿಕ್ಕಿಲ್ಲ. 2010ರಲ್ಲಿ ಅಲ್ಲಿ ಗಟಾರ ಅಗೆಯುವಾಗ ನೂರಾರು ಮನುಷ್ಯರ ತಲೆಬುರುಡೆಗಳು ಹೊರಬಂದವು. ಊರಿಗೆ ಊರೇ ಬಂದು ನೋಡಿತು. ಬರಗಾಲ, ಯುದ್ಧ, ಮಾಟ, ಒಬ್ಬೊಬ್ಬರದು ಒಂದೊಂದು ಕತೆ. ಕಾಲ ತಿಳಿಯಲೆಂದು ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಒಂದು ಜಿಲ್ಲೆಯ ವಿಜ್ಞಾನ ಶಿಕ್ಷಣಕ್ಕೆ ಇಂಥ ಅವಕಾಶ ನೂರು ವರ್ಷಕ್ಕೊಮ್ಮೆಯೂ ಬರುವುದಿಲ್ಲ. ಎಲುಬಿಗೂ ಪಳೆಯುಳಿಕೆಗೂ ಏನು ವ್ಯತ್ಯಾಸ? ಇಂಗಾಲದ ಗಡಿಯಾರ 5,730 ವರ್ಷಕ್ಕೊಮ್ಮೆ ಅರ್ಧವಾಗುತ್ತ ಸುಮಾರು 50 ಸಾವಿರ ವರ್ಷಕ್ಕೆ ನಿಂತುಬಿಡುತ್ತದೆ, ಹಾಗಾದರೆ ಧಾರವಾಡದ ಬಂಡೆಯ ವಯಸ್ಸನ್ನು ಯಾವ ಗಡಿಯಾರದಲ್ಲಿ ನೋಡುತ್ತಾರೆ? ತಲೆಬುರುಡೆ ನೋಡಿ ಬಂದ ಮಕ್ಕಳಿಗೆ ಮರುದಿನವೇ ಈ ಪಾಠ ಮಾಡಬಹುದಿತ್ತು. ನನ್ನನ್ನೂ ಸೇರಿಸಿ, ನಾವು ಮಾಡಲಿಲ್ಲ. ಸಿಲೆಬಸ್ಸಿನಲ್ಲಿ ಇರಲಿಲ್ಲ ಎಂಬುದು ಆಗಿನ ನೆಪ. ಈಗಿನದು ನೆಟ್‌ನಲ್ಲಿ ಇದೆ ಎಂಬುದು.

ಅದೇ ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಕಂಬಗಳು ಬಳಪದ ಕಲ್ಲಿನವು. ಅಲ್ಲಿ ಭೂತಗನ್ನಡಿ ಹಿಡಿದು ವರ್ಷಗಟ್ಟಲೆ ಹುಡುಕಿದರೂ ಪಳೆಯುಳಿಕೆ ಸಿಗದು. ಭೂಮಿಯ ಒಡಲ ಬೇಗೆಯಲ್ಲಿ ರೂಪವೇ ಬದಲಾದ ಕಲ್ಲದು. ಕೆಸರು ಇಳಿದಲ್ಲಿ ಹುಡುಕಬೇಕು, ಬೆಂದಲ್ಲಿ ಅಲ್ಲ: ಇದು ಪಳೆಯುಳಿಕೆಯ ಮೊದಲ ಪಾಠ, ಕಂಬಕ್ಕೆ ಕೈ ಹಚ್ಚಿ ಹೇಳಿಕೊಡಬಹುದಾದದ್ದು. ಬೆಣ್ಣಿಹಳ್ಳದ ದಂಡೆಯಲ್ಲಿ ನಿಂತರೆ ಮಳೆಗಾಲದ ಪೂರ ಕೊರೆದ ಮಣ್ಣಿನ ಪದರಗಳು ಕಾಣುತ್ತವೆ. ಆ ಹಳ್ಳ ಸೇರುವುದು ಮಲಪ್ರಭೆಗೆ. ಮಲಪ್ರಭೆಯ ಕಣಿವೆಯಲ್ಲಿ ಆದಿಮಾನವರ ಕಲ್ಲಿನ ಆಯುಧಗಳು ಸಿಕ್ಕಿವೆ. ಗೋಕಾಕದ ಹತ್ತಿರ ಸಿಕ್ಕ ಎಲುಬುಗಳಿಂದ ಫೂಟ್ 1874ರಲ್ಲಿ ಒಂದು ಹೊಸ ಘೇಂಡಾಮೃಗವನ್ನೇ ಗುರುತಿಸಿ ಅದಕ್ಕೆ ದಖ್ಖನ್ನಿನ ಹೆಸರಿಟ್ಟ. ಗೋಕಾಕ ಸೀಮೆಯಲ್ಲಿ ಘೇಂಡಾಮೃಗ! ಈ ಒಂದು ಮಾತು ಹೇಳಿ ನೋಡಿ, ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಫೂಟ್‌ನ ಬರಹ ಸ್ಕ್ಯಾನ್ ಆಗಿ ನೆಟ್‌ನಲ್ಲೇ ಪುಕ್ಕಟೆ ಇದೆ ಎಂದು ಯಾರಾದರೂ ನನ್ನ ಬಾಯಿ ಮುಚ್ಚಿಸಲು ಬರಬಹುದು. ಬರಲಿ. ಇದ್ದರೂ ನೀವೇಕೆ ಓದಲಿಲ್ಲ ಎಂದು ನಾನೂ ಕೇಳುತ್ತೇನೆ. ಗೋಕಾಕದ ಹೆಸರು ಗೊತ್ತಿದ್ದವನು ಬಂದು ಹುಡುಕದಿದ್ದರೆ ನೆಟ್ ತಾನಾಗಿ ಅದನ್ನು ಯಾರ ಮುಂದೆಯೂ ತಂದಿಡುವುದಿಲ್ಲ. ಅದು ತಂದಿಡುವುದು ಟಿ. ರೆಕ್ಸನ್ನು.

ಕಡೆಗೆ ಉಳಿಯುವುದು ರೊಕ್ಕದ ಮಾತು. “ಕ್ಷೇತ್ರ ಭೇಟಿ ಅಂದ್ರ ರೊಕ್ಕ ಎಲ್ಲಿಂದ ತರೋದ್ರಿ?” ಇದು ಪ್ರಾಮಾಣಿಕ ಪ್ರಶ್ನೆಯಂತೆ ಕೇಳಿಸುತ್ತದೆ, ಆದರೆ ಸ್ಮಾರ್ಟ್ ಬೋರ್ಡು ಬಂದಾಗ ಯಾರೂ ಈ ಪ್ರಶ್ನೆ ಕೇಳಲಿಲ್ಲ. ಭೂತಗನ್ನಡಿ ಪ್ರಯೋಗಾಲಯದ ಕಪಾಟಿನಲ್ಲಿ ಧೂಳು ತಿನ್ನುತ್ತಿದೆ. ಸುಣ್ಣಗಲ್ಲು ಹೌದೋ ಅಲ್ಲವೋ ನೋಡಲು ಬೇಕಾದ ಆಮ್ಲ ಅದೇ ಕಪಾಟಿನಲ್ಲಿದೆ. ಒಂದು ಹನಿಗೆ ಕಲ್ಲು ನೊರೆಯುತ್ತದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗವಿದೆ. ಟಿ.ಆರ್. ಅನಂತರಾಮು ಅವರಂಥ ಭೂವಿಜ್ಞಾನಿಗಳು ದಶಕಗಳಿಂದ ಕನ್ನಡದಲ್ಲೇ ಬರೆದಿದ್ದಾರೆ. ಬಸ್ಸಂತೂ ಪ್ರತಿವರ್ಷ ಹೊರಟೇ ಹೊರಡುತ್ತದೆ, ಬಾದಾಮಿ, ಪಟ್ಟದಕಲ್ಲು, ಕೂಡಲಸಂಗಮ ಎಂದು. ಬಾಗಲಕೋಟೆಯ ಹತ್ತಿರ ಅದನ್ನು ಒಂದು ತಾಸು ನಿಲ್ಲಿಸಲು ಯಾವ ಆದೇಶವೂ ಬೇಕಿಲ್ಲ.

ಒಂದು ವರ್ಷ ನಾವು ನಿಲ್ಲಿಸಿದೆವು. ಹೊಲದ ದಂಡೆಯ ಬೂದು ಬಂಡೆ. ದೂರದಿಂದ ನೋಡಿದರೆ ಏನೂ ಇಲ್ಲ. ಮಕ್ಕಳು ಮುಖ ಸಿಂಡರಿಸಿದರು, ಚಾಲಕ ಬೀಡಿ ಹಚ್ಚಿ ಗಡಿಯಾರ ನೋಡಿದ. ಕುಡಿಯುವ ನೀರಿನ ಬಾಟಲಿಯಿಂದ ಒಂದಿಷ್ಟು ನೀರು ಬಂಡೆಯ ಮೇಲೆ ಸುರಿದೆ. ಒದ್ದೆಯಾದೊಡನೆ ಸುತ್ತು ಸುತ್ತು ಪದರಗಳು ಮೇಲೆದ್ದವು, ಒಂದರೊಳಗೊಂದು, ಅಂಗೈ ಅಗಲದ್ದು, ತಾಟಿನ ಅಗಲದ್ದು. ಉಳ್ಳಾಗಡ್ಡಿ ಬೆಳೆಯುವ ಮನೆಯ ಹುಡುಗಿ ಮೊಣಕಾಲೂರಿ ಅದರ ಮೇಲೆ ಕೈಯಾಡಿಸಿ, “ಸರ, ಉಳ್ಳಾಗಡ್ಡಿ ಹೆಚ್ಚಿದಂಗ ಐತಲ್ರಿ” ಅಂದಳು. ಆಮೇಲೆ ಒಬ್ಬೊಬ್ಬರೂ ತಮ್ಮ ಬಾಟಲಿ ತೆಗೆದು ಸುರಿಯತೊಡಗಿದರು. ಕೂಡಲಸಂಗಮ ಮುಟ್ಟುವವರೆಗೆ ಬಸ್ಸಿನಲ್ಲಿ ಕುಡಿಯಲು ಯಾರ ಹತ್ತಿರವೂ ಹನಿ ನೀರಿರಲಿಲ್ಲ.